ಮಿಕ್ಸಿ ಜಾರಿನೊಳಗಿನ ರಸಾಯನ

ಬಾಳೆದಿಂಡು ಹೆಚ್ಚುವವರು ಕೆಲಸಕ್ಕೆ ಕೂರುವ ಮೊದಲೇ ಪಕ್ಕದಲ್ಲಿ ಒಂದು ಪಾತ್ರೆ ನೀರುಮಜ್ಜಿಗೆ ಇಟ್ಟುಕೊಳ್ಳುತ್ತಾರೆ. ದಿಂಡನ್ನು ಬಿಲ್ಲೆಬಿಲ್ಲೆಯಾಗಿ ಕೊಯ್ಯಬೇಕು, ಪ್ರತಿ ಬಿಲ್ಲೆಯಿಂದ ಜೋತುಬೀಳುವ ನಾರನ್ನು ತೋರುಬೆರಳಿಗೆ ಸುತ್ತಿ ತೆಗೆಯಬೇಕು, ಸಣ್ಣಗೆ ಹೆಚ್ಚಿದ್ದನ್ನು ಆಗಿಂದಾಗಲೇ ಮಜ್ಜಿಗೆಗೆ ಹಾಕಬೇಕು. ಹಾಗೇ ಬಿಟ್ಟರೆ ಬೆಳ್ಳಗಿದ್ದ ದಿಂಡು ನೋಡುತ್ತಿದ್ದಂತೆ ಕಂದುಬಣ್ಣಕ್ಕೆ ತಿರುಗುತ್ತದೆ. ಬಾಳೆಹೂವಿಗೂ ಇದೇ ಉಪಚಾರ. ಬದನೆಕಾಯಿಗೆ ಬರೀ ನೀರು ಸಾಕು. ಮನೆಯಲ್ಲಿ ಒಳ್ಳೆಯ ಸ್ಮೂದಿ ಮಾಡಲು ಬೇಕಾದ ವಿಜ್ಞಾನದ ಮುಕ್ಕಾಲು ಪಾಲು ಈ ಮಜ್ಜಿಗೆ ಪಾತ್ರೆಯಲ್ಲೇ ಇದೆ.

ಸ್ಮೂದಿ ಎಂದೊಡನೆ ಎದುರಾಗುವ ಎಚ್ಚರಿಕೆಯೇ ಬೇರೆ: ಮಿಕ್ಸಿಯ ಬ್ಲೇಡು ಬಿಸಿಯಾಗಿ ವಿಟಮಿನ್‌ಗಳೆಲ್ಲ ಸತ್ತುಹೋಗುತ್ತವಂತೆ. ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿಯೇ ನೋಡಬಹುದು. 500 ವ್ಯಾಟಿನ ಮಿಕ್ಸಿ ಒಂದು ನಿಮಿಷ ಓಡಿದರೆ ಖರ್ಚಾಗುವ ಶಕ್ತಿ 30,000 ಜೂಲ್. ಅದಷ್ಟೂ ಶಾಖವಾಗಿ ಅರ್ಧ ಲೀಟರ್ ಸ್ಮೂದಿಗೇ ಇಳಿಯಿತು ಎಂದುಕೊಂಡರೂ ಬಿಸಿ ಏರುವುದು ಸುಮಾರು 14 ಡಿಗ್ರಿ ಸೆಲ್ಸಿಯಸ್. ಅದರಲ್ಲೂ ಒಂದು ಭಾಗ ಮೋಟಾರನ್ನು ಬಿಸಿ ಮಾಡುವುದರಲ್ಲೇ ಮುಗಿಯುತ್ತದೆ. ಫ್ರಿಜ್ಜಿನಿಂದ ತೆಗೆದ ಹಣ್ಣು ಕೋಣೆಯ ಬಿಸಿಗೂ ಬರುವುದಿಲ್ಲ. ವಿಟಮಿನ್ ಸಾಯುವಷ್ಟು ಕಾವು ಅಲ್ಲಿ ಹುಟ್ಟುವುದೇ ಇಲ್ಲ.

ನಷ್ಟ ಆಗುವುದು ನಿಜ, ಆದರೆ ಅದರ ಕಾರಣ ಬೇರೆ. ಹಣ್ಣಿನ ಜೀವಕೋಶ ಕೋಣೆಕೋಣೆಯಾಗಿ ಕಟ್ಟಿದ ಮನೆ. ಒಗರು ಕೊಡುವ, ಬಣ್ಣ ಕೊಡುವ ಫೀನಾಲ್ ಜಾತಿಯ ವಸ್ತುಗಳು ರಸದಾನಿ ಎಂಬ ಕೋಣೆಯಲ್ಲಿರುತ್ತವೆ. ಅವನ್ನು ಕೆಡಿಸಬಲ್ಲ ಪಾಲಿಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವ, ಚಿಕ್ಕದಾಗಿ ಪಿಪಿಒ, ಇನ್ನೊಂದು ಕೋಣೆಯಲ್ಲಿರುತ್ತದೆ. ಹಣ್ಣು ಇಡಿಯಾಗಿರುವವರೆಗೆ ಇಬ್ಬರೂ ಮುಖ ನೋಡುವುದಿಲ್ಲ. ತಟ್ಟೆಯಲ್ಲಿ ಎಲೆ, ಅಡಿಕೆ, ಸುಣ್ಣ ಬೇರೆಬೇರೆ ಇಟ್ಟಿರುವಾಗ ಎಲ್ಲಿಯೂ ಕೆಂಪಿಲ್ಲ, ಮೂರನ್ನೂ ಬಾಯಿಗೆ ಹಾಕಿ ಅಗಿದರೆ ಮಾತ್ರ ಬಾಯಿ ಕೆಂಪಾಗುತ್ತದಲ್ಲ, ಹಾಗೆ. (ಅಲ್ಲಿಯೂ ಬಣ್ಣಕ್ಕೆ ತಿರುಗುವುದು ಅಡಿಕೆಯ ಫೀನಾಲುಗಳೇ. ಆದರೆ ಕೆಲಸ ಮಾಡಿಸುವುದು ಕಿಣ್ವವಲ್ಲ, ಸುಣ್ಣದ ಕ್ಷಾರ.) ಮಿಕ್ಸಿಯ ಬ್ಲೇಡು ಒಂದು ನಿಮಿಷದಲ್ಲಿ ಕೋಟ್ಯಂತರ ಕೋಶಗಳ ಗೋಡೆ ಒಡೆಯುತ್ತದೆ. ಸಾಲದ್ದಕ್ಕೆ ಸುಳಿ ಎಬ್ಬಿಸಿ ಗಾಳಿಯನ್ನೂ ಒಳಗೆಳೆಯುತ್ತದೆ. ಫೀನಾಲ್, ಕಿಣ್ವ, ಆಮ್ಲಜನಕ ಮೂರೂ ಒಂದೇ ಜಾರಿನಲ್ಲಿ ಸೇರಿದಂತಾಯಿತು.

ಪಿಪಿಒ ಕಿಣ್ವದ ನಡುವೆ ತಾಮ್ರದ ಪರಮಾಣುಗಳಿವೆ. ಅವುಗಳ ನೆರವಿನಿಂದ ಅದು ಫೀನಾಲಿಗೆ ಆಮ್ಲಜನಕ ತಗುಲಿಸಿ ಕ್ವಿನೋನ್ ಎಂಬ ವಸ್ತು ಮಾಡುತ್ತದೆ. ಕ್ವಿನೋನ್ ಸುಮ್ಮನಿರುವ ಜಾತಿಯದಲ್ಲ, ಸಿಕ್ಕಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ: ಪ್ರೋಟೀನಿಗೆ, ಪಕ್ಕದ ಫೀನಾಲಿಗೆ, ಇನ್ನೊಂದು ಕ್ವಿನೋನಿಗೆ. ಹೀಗೆ ಬೆಳೆದ ಸರಪಣಿಯೇ ನಮ್ಮ ಕಣ್ಣಿಗೆ ಕಾಣುವ ಕಂದು. ಗಿಡಕ್ಕೆ ಇದೊಂದು ಆಯುಧ. ಹುಳು ಎಲೆ ಕಚ್ಚಿದೊಡನೆ ಕ್ವಿನೋನ್‌ಗಳು ಎಲೆಯ ಪ್ರೋಟೀನಿಗೆ ಅಂಟಿ ಹುಳುವಿಗೆ ಅದು ದಕ್ಕದಂತೆ ಮಾಡುತ್ತವೆ. ಮಿಕ್ಸಿಯ ಬ್ಲೇಡಿಗೂ ಹುಳುವಿನ ಹಲ್ಲಿಗೂ ಇರುವ ವ್ಯತ್ಯಾಸ ಹಣ್ಣಿಗೆ ತಿಳಿಯದು.

ಈ ಬಗೆಯ ಕಿಣ್ವಗಳ ಜಾಡು ಮೊದಲು ಸಿಕ್ಕಿದ್ದು ಹಣ್ಣಿನಲ್ಲಲ್ಲ, ಮರದ ಹಾಲಿನಲ್ಲಿ. ಜಪಾನಿನಲ್ಲಿ ಪಾತ್ರೆಗಳಿಗೆ ಬಳಿಯುವ ಉರುಶಿ ಮರದ ಹಾಲು ಗಾಳಿ ತಾಗಿದೊಡನೆ ಕಪ್ಪಾಗಿ ಗಟ್ಟಿಯಾಗುವುದೇಕೆ ಎಂದು ಯೋಶಿದಾ ಎಂಬ ರಸಾಯನ ವಿಜ್ಞಾನಿ ಹುಡುಕಿ, ಅದರಲ್ಲಿ ಕಿಣ್ವದಂಥ ವಸ್ತುವಿದೆ ಎಂದು 1883ರಲ್ಲಿ ಬರೆದ. (ನಮ್ಮ ಚನ್ನಪಟ್ಟಣದ ಬೊಂಬೆಗೆ ಹಚ್ಚುವ ಅರಗು ಇದಲ್ಲ, ಅದು ಕೀಟದ ಕೊಡುಗೆ.) ಮರದ ಹಾಲಿನ ಕಿಣ್ವ ಪಿಪಿಒದ ದೂರದ ನೆಂಟ. ತೀರ ಹತ್ತಿರದ ನೆಂಟನೊಬ್ಬ ನಮ್ಮ ಮೈಯಲ್ಲೇ ಇದ್ದಾನೆ: ಚರ್ಮಕ್ಕೂ ಕೂದಲಿಗೂ ಬಣ್ಣ ಕೊಡುವ ಮೆಲನಿನ್ ತಯಾರಿಸುವ ಟೈರೋಸಿನೇಸ್. ಇನ್ನು ಚಹಾ ಉದ್ಯಮ ನಿಂತಿರುವುದೇ ಪಿಪಿಒ ಮೇಲೆ. ಎಲೆಯನ್ನು ಹಿಸುಕಿ, ಹರಿದು, ಸುರುಳಿ ಮಾಡಿ ಗಾಳಿಗೆ ಬಿಟ್ಟರೆ ಹಸಿರೆಲೆ ಕಂದಾಗಿ ನಾವು ಕುಡಿಯುವ ಚಹಾ ಆಗುತ್ತದೆ. ಹಿಸುಕುವ ಮೊದಲೇ ಹಬೆಯಲ್ಲೋ ಬಾಣಲೆಯಲ್ಲೋ ಕಾಯಿಸಿ ಕಿಣ್ವವನ್ನು ಕೊಂದರೆ ಅದೇ ಎಲೆ ಗ್ರೀನ್ ಟೀ. ಸ್ಮೂದಿ ಮಾಡುವವರೂ ತಿಳಿಯದೆಯೇ ಈ ಎರಡರಲ್ಲೊಂದು ದಾರಿ ಹಿಡಿದಿರುತ್ತಾರೆ.

ಬಣ್ಣ ಕೆಟ್ಟರೆ ಕೆಡಲಿ, ಪೋಷಕಾಂಶಕ್ಕೇನು ಎಂದು ಕೇಳಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನವರೂ ಅವರ ಜತೆಗಾರರೂ 2023ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೇ ಉತ್ತರ ಹುಡುಕಿತು. ಅವರು ಅಳೆದದ್ದು ಫ್ಲೇವನಾಲ್‌ಗಳನ್ನು. ಬೆರಿ ಹಣ್ಣು, ಸೇಬು, ದ್ರಾಕ್ಷಿ, ಚಹಾ, ಕೋಕೋಗಳಲ್ಲಿರುವ, ರಕ್ತನಾಳಗಳ ಆರೋಗ್ಯಕ್ಕೆ ಒಳ್ಳೆಯದೆಂದು ಹೇಳಲಾಗುವ ವಸ್ತುಗಳಿವು. ಪಿಪಿಒ ಹೆಚ್ಚಿರುವ ಬಾಳೆಹಣ್ಣಿನ ಸ್ಮೂದಿ ಕುಡಿದವರ ರಕ್ತದಲ್ಲಿ, ಫ್ಲೇವನಾಲನ್ನು ಕ್ಯಾಪ್ಸೂಲಾಗಿ ನುಂಗಿದಾಗಿನದಕ್ಕೆ ಹೋಲಿಸಿದರೆ, ಅದರ ಮಟ್ಟ 84 ಪ್ರತಿಶತ ಕಡಿಮೆ ಇತ್ತು. ಪಿಪಿಒ ಕಡಿಮೆ ಇರುವ ಬೆರಿ ಸ್ಮೂದಿ ಕುಡಿದಾಗ ಅಂಥ ನಷ್ಟ ಕಾಣಲಿಲ್ಲ. ಬಾಳೆಹಣ್ಣನ್ನೂ ಫ್ಲೇವನಾಲನ್ನೂ ಮೊದಲೇ ಬೆರೆಸದೆ ಒಟ್ಟಿಗೆ ಸೇವಿಸಿದಾಗಲೂ ಮಟ್ಟ ಇಳಿಯಿತು, ಅಂದರೆ ಹೊಟ್ಟೆಯೊಳಗೂ ಸ್ವಲ್ಪ ಹೊತ್ತು ಕಿಣ್ವ ಕೆಲಸ ಮಾಡುತ್ತದೆ. ಭಾಗವಹಿಸಿದವರು ಕೆಲವೇ ಮಂದಿ, ಅಳೆದದ್ದು ಒಂದೇ ಗುಂಪಿನ ವಸ್ತು ಎಂಬುದನ್ನೂ ನೆನಪಿಡಬೇಕು. ಆದರೆ ವ್ಯತ್ಯಾಸ ಕಡೆಗಣಿಸುವಷ್ಟು ಚಿಕ್ಕದಲ್ಲ.

ಇದನ್ನು ಓದಿ ಬಾಳೆಹಣ್ಣನ್ನು ದೂರ ಇಡಬೇಕಿಲ್ಲ. ಅದರ ಪೊಟ್ಯಾಸಿಯಂ, ನಾರು, ಬಿ6 ವಿಟಮಿನ್ ಎಲ್ಲೂ ಹೋಗುವುದಿಲ್ಲ. ಬಾಳೆಹಣ್ಣಿಗೆ ಹಾಲು, ಓಟ್ಸ್, ಕಡಲೆಬೀಜ, ಎಳ್ಳು ಹಾಕಿ ತಿರುವಿದರೆ ಸೊಗಸಾದ ಬೆಳಗಿನ ಉಪಾಹಾರ. ದುಬಾರಿ ಸ್ಟ್ರಾಬೆರಿಯನ್ನೋ ಕೋಕೋವನ್ನೋ ಅವುಗಳ ಗುಣಕ್ಕಾಗಿಯೇ ಹಾಕುವ ದಿನ ಮಾತ್ರ ಬಾಳೆಹಣ್ಣು ಬೇಡ. ಮಂದವಾಗಲು ಮಾವು ಅಥವಾ ಮೊಸರು ಹಾಕಿ.

ಕಿಣ್ವವನ್ನು ಕಟ್ಟಿಹಾಕಲು ನಾಲ್ಕು ದಾರಿಗಳಿವೆ, ನಾಲ್ಕೂ ನಮ್ಮ ಅಡುಗೆಮನೆಗೆ ಹಳೆಯವು. ಮೊದಲನೆಯದು ಹುಳಿ. ಹುಳಿಯನ್ನು ಅಳೆಯುವ ಅಂಕಿ ಪಿಎಚ್, ಅದು ಇಳಿದಷ್ಟೂ ಹುಳಿ ಹೆಚ್ಚು. ಪಿಪಿಒ ಚುರುಕಾಗಿ ಕೆಲಸ ಮಾಡುವುದು ಪಿಎಚ್ 5ರಿಂದ 7ರ ನಡುವೆ. ಬಾಳೆಹಣ್ಣಿನದು ಸುಮಾರು 5, ಮೊಸರಿನದು 4.5ರ ಆಸುಪಾಸು, ನಿಂಬೆರಸದ್ದು 2ಕ್ಕೆ ಹತ್ತಿರ. ಮೊಸರು, ಮಜ್ಜಿಗೆ ಕಿಣ್ವವನ್ನು ನಿಧಾನ ಮಾಡುತ್ತವೆ, ನಿಂಬೆ ಬಹುಪಾಲು ಮಲಗಿಸುತ್ತದೆ. ಎರಡನೆಯದು ವಿಟಮಿನ್ ಸಿ. ಕ್ವಿನೋನ್ ಹುಟ್ಟಿದೊಡನೆ ಅದನ್ನು ಇದು ಮರಳಿ ಫೀನಾಲ್ ಮಾಡುತ್ತದೆ. ಪ್ರತಿ ಸಲವೂ ತಾನೇ ಕೈಯಿಂದ ಕೊಟ್ಟು ಸಾಲ ತೀರಿಸುವ ನೆಂಟನಂತೆ ಅದು. ಗಂಟು ಕರಗಿದ ಮರುಗಳಿಗೆ ಕಂದು ಕಾಣಿಸಿಕೊಳ್ಳುತ್ತದೆ. ನಿಂಬೆ ಹಿಂಡಿದರೂ ಒಂದು ಗಂಟೆಯ ಮೇಲೆ ಸ್ಮೂದಿಯ ಬಣ್ಣ ಇಳಿಯುವುದಕ್ಕೆ ಇದೂ ಒಂದು ಕಾರಣ. ಒಂದು ಬಾಳೆಹಣ್ಣಿಗೆ ಎರಡು ಟೀ ಚಮಚ ನಿಂಬೆರಸ ಲೆಕ್ಕ. ಅರ್ಧ ಬೆಟ್ಟದ ನೆಲ್ಲಿಕಾಯಿ ಸಿಕ್ಕರೆ ಇನ್ನೂ ಮೇಲು, ಅದರಲ್ಲಿ ವಿಟಮಿನ್ ಸಿ ನಿಂಬೆಗಿಂತ ಹಲವು ಪಟ್ಟು ಹೆಚ್ಚು. ಮೂರನೆಯದು ಗಾಳಿ ತಪ್ಪಿಸುವುದು, ಬದನೆಕಾಯಿಗೆ ನೀರು ಮಾಡುವ ಕೆಲಸ.

ನಾಲ್ಕನೆಯದು ಬಿಸಿ. ಸೊಪ್ಪನ್ನು ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿದರೆ ಕಿಣ್ವದ ಕತೆ ಮುಗಿಯಿತು. ಮಲೆನಾಡು, ಕರಾವಳಿಯ ತಂಬುಳಿಯನ್ನು ಗಮನಿಸಿ. ದೊಡ್ಡಪತ್ರೆಯನ್ನು ಜೀರಿಗೆ, ಕಾಳುಮೆಣಸಿನ ಜತೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿಯೊಂದಿಗೆ ರುಬ್ಬಿ, ಮಜ್ಜಿಗೆ ಬೆರೆಸುತ್ತಾರೆ. ಮೊದಲು ಶಾಖ, ಆಮೇಲೆ ಹುಳಿ, ಜತೆಗೆ ಕೊಬ್ಬು. ಸೊಪ್ಪಿನ ಸ್ಮೂದಿಗೆ ಇದಕ್ಕಿಂತ ಒಳ್ಳೆಯ ಸೂತ್ರ ಹೊರಗಿನಿಂದ ತರಬೇಕಾಗಿಲ್ಲ. ಆದರೆ ಫ್ರೀಜರಿನ ತಂಪು ಕಿಣ್ವವನ್ನು ಕೊಲ್ಲುವುದಿಲ್ಲ, ಬರೀ ನಿದ್ದೆ ಮಾಡಿಸುತ್ತದೆ. ಮಂಜಿನ ಹರಳುಗಳು ಕೋಶಗಳನ್ನು ಒಡೆದಿಟ್ಟಿರುವುದರಿಂದ ಫ್ರೀಜರಿನಿಂದ ತೆಗೆದ ಬಾಳೆಹಣ್ಣು ಕರಗುತ್ತಿದ್ದಂತೆ ತಾಜಾ ಹಣ್ಣಿಗಿಂತ ಬೇಗ ಕಪ್ಪಾಗುತ್ತದೆ. ಕರಗಲು ಬಿಡದೆ ಹಾಗೇ ಜಾರಿಗೆ ಹಾಕಿ.

ಇನ್ನು ಮಾಡುವ ಕ್ರಮ. ಎರಡು ಲೋಟಕ್ಕೆ ಸ್ಟ್ರಾಬೆರಿ ಅಥವಾ ಬೀಜ ತೆಗೆದ ನೇರಳೆ ಹಣ್ಣು 150 ಗ್ರಾಂ, ಮಾವಿನ ಹೋಳು 100 ಗ್ರಾಂ, ಗಟ್ಟಿ ಮೊಸರು 150 ಗ್ರಾಂ, ನೆನೆಸಿ ಸಿಪ್ಪೆ ಸುಲಿದ ಬಾದಾಮಿ ಐದಾರು, ತಣ್ಣೀರು 50 ಮಿಲಿ. ಮಾವಿಲ್ಲದ ಕಾಲದಲ್ಲಿ ಬೀಜ, ಬಿಳಿ ಸಿಪ್ಪೆ ತೆಗೆದ ಕಿತ್ತಳೆ ತೊಳೆ ಆಗುತ್ತದೆ. ಬೀಜ ಅರೆದುಹೋದರೆ ಲೋಟವೆಲ್ಲ ಕಹಿ. ಮೊದಲು ಬಾದಾಮಿಯನ್ನು ನೀರಿನ ಜತೆ ನುಣ್ಣಗೆ ಅರೆಯಿರಿ, ಆಮೇಲೆ ಮೊಸರು, ಮೆತ್ತನೆಯ ಹಣ್ಣು, ಫ್ರೀಜರಿನಲ್ಲಿಟ್ಟ ಹೋಳಿದ್ದರೆ ಅದು ಕೊನೆಗೆ. ಜಾರಿನ ಮೂರನೇ ಎರಡು ಭಾಗ ದಾಟಬಾರದು. ಬಿಟ್ಟು ಬಿಟ್ಟು ಮೂರು ನಾಲ್ಕು ಸಲ ತಿರುಗಿಸಿ, ಆಮೇಲೆ ಒಂದೇ ಸಮನೆ ಅರ್ಧ ನಿಮಿಷ. ಇನ್ನೂ ನುಣ್ಣಗಾಗಲಿ ಎಂದು ಮೂರು ನಿಮಿಷ ಓಡಿಸಿದರೆ ಒಳಸೇರುವುದು ಗಾಳಿ, ಮೇಲೇಳುವುದು ನೊರೆ.

ಬ್ಲೇಡು ಸುಯ್ಯೆಂದು ತಿರುಗುತ್ತಿದ್ದರೂ ಮೇಲಿನದು ಅಲುಗದಿದ್ದರೆ ಬ್ಲೇಡಿನ ಸುತ್ತ ಗಾಳಿ ಸಿಕ್ಕಿಕೊಂಡಿದೆ ಎಂದರ್ಥ. ಸ್ವಿಚ್ ಆರಿಸಿ, ಚಮಚದಿಂದ ಕದಡಿ, ಎರಡು ಚಮಚ ನೀರು ಹಾಕಿ. ಫ್ರೀಜರಿನ ಹೋಳು ನಿಂಬೆಹಣ್ಣಿನ ಗಾತ್ರದ್ದಾದರೆ ಮಿಕ್ಸಿ ತಟ್ಟನೆ ನಿಲ್ಲುತ್ತದೆ. ಮೋಟಾರು ತಣಿದ ಮೇಲೆ ತಳದಲ್ಲಿರುವ ಓವರ್‌ಲೋಡ್ ಗುಂಡಿ ಒತ್ತಿದರೆ ಮತ್ತೆ ಓಡುತ್ತದೆ. ಹೋಳು ಎರಡು ಸೆಂಟಿಮೀಟರಿಗಿಂತ ದೊಡ್ಡದಿರದಿದ್ದರೆ ಈ ತೊಂದರೆಯೇ ಬರುವುದಿಲ್ಲ.

ಅನಾನಸ್, ಪರಂಗಿ, ಕಿವಿ ಹಣ್ಣುಗಳ ಜತೆ ಹಾಲು ಮೊಸರು ಬೆರೆಸಿಟ್ಟರೆ ಹತ್ತಿಪ್ಪತ್ತು ನಿಮಿಷದಲ್ಲಿ ಕಹಿಯಾಗುತ್ತದೆ. ಇದನ್ನು ಕಂಡು ವಿರುದ್ಧ ಆಹಾರ, ವಿಷವಾಯಿತು ಎಂದು ಚೆಲ್ಲುವವರಿದ್ದಾರೆ. ಆ ಹಣ್ಣುಗಳಲ್ಲಿ ಪ್ರೋಟೀನನ್ನು ತುಂಡರಿಸುವ ಕಿಣ್ವಗಳಿವೆ, ಹಾಲಿನ ಪ್ರೋಟೀನಿನ ಕೆಲವು ತುಂಡುಗಳಿಗೆ ಕಹಿ ರುಚಿ ಇದೆ, ಅಷ್ಟೇ. ಮಾಡಿದ ಕೂಡಲೇ ಕುಡಿಯಿರಿ, ಇಲ್ಲವೆ ಅನಾನಸ್ ಹೋಳನ್ನು ಐದು ನಿಮಿಷ ಬೇಯಿಸಿ ಆರಿಸಿ ಹಾಕಿ. ಹುಳಿ ಹಣ್ಣಿಗೆ ಹಾಲು ಒಡೆಯುವುದೂ ಇಂಥದೇ ಹೆದರಿಕೆ. ಪಿಎಚ್ 4.6ಕ್ಕೆ ಇಳಿದರೆ ಹಾಲು ಒಡೆಯುತ್ತದೆ, ನಮ್ಮ ಜಠರದಲ್ಲಿ ಪ್ರತಿದಿನ ಆಗುವುದೂ ಅದೇ.

ನಿಜವಾಗಿ ಹೆದರಬೇಕಾದದ್ದು ಬೇರೆಯೇ ಇದೆ, ಅದನ್ನು ಯಾರೂ ಸಾಕಷ್ಟು ಒತ್ತಿ ಹೇಳುತ್ತಿಲ್ಲ. ಕಹಿ ಸೋರೆಕಾಯಿಯ ಹಸಿ ರಸ ಕುಡಿದು ನಮ್ಮ ದೇಶದಲ್ಲಿ ಸಾವುಗಳಾಗಿವೆ. ಕುಕುರ್ಬಿಟಾಸಿನ್ ಎಂಬ ಕಹಿ ವಸ್ತು ಅದಕ್ಕೆ ಕಾರಣ. ರಕ್ತವಾಂತಿ ಆಗಬಹುದು, ರಕ್ತದೊತ್ತಡ ಕುಸಿಯಬಹುದು, ಇದಕ್ಕೆಂದೇ ಇರುವ ಮದ್ದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞ ಸಮಿತಿಯ ಮಾತು ಸರಳವಾಗಿದೆ: ರಸ ತೆಗೆಯುವ ಮೊದಲು ಒಂದು ಚೂರು ಬಾಯಿಗೆ ಹಾಕಿ ನೋಡಿ, ಕಹಿಯಿದ್ದರೆ ಇಡೀ ಕಾಯಿ ಎಸೆಯಿರಿ. ಪಲ್ಯದಲ್ಲಾದರೆ ಮೊದಲ ತುತ್ತಿಗೇ ಉಗಿಯುತ್ತೇವೆ. ಸ್ಮೂದಿಯಲ್ಲಿ ಜೇನು, ಹಣ್ಣು ಆ ಕಹಿಯನ್ನು ಮುಚ್ಚಿಬಿಡುತ್ತವೆ, "ಕಹಿ ಇದ್ದರೇನೇ ಔಷಧಿ" ಎಂಬ ನಂಬಿಕೆ ಉಳಿದದ್ದನ್ನು ನುಂಗಿಸುತ್ತದೆ. ಸೌತೆಕಾಯಿಗೂ ಇದೇ ಪರೀಕ್ಷೆ ಮಾಡಿ.

"ಡಿಟಾಕ್ಸ್" ಎಂದು ದಿನವೂ ಹಸಿ ಪಾಲಕ್ ಕುಡಿಯುವುದೂ ಸರಿಯಲ್ಲ. ಪಾಲಕ್‌ನಲ್ಲಿ ಆಕ್ಸಲೇಟ್ ಬಹಳ, ಮೂತ್ರಪಿಂಡದ ಕಲ್ಲಿರುವವರಿಗೆ ತೊಂದರೆ. ಹಸಿರು ಸ್ಮೂದಿಯ ಪಥ್ಯದಿಂದ ಮೂತ್ರಪಿಂಡವೇ ಕೆಟ್ಟ ಪ್ರಕರಣ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ದೇಹದ ಕಸ ತೆಗೆಯಲು ಯಕೃತ್ತು, ಮೂತ್ರಪಿಂಡಗಳಿವೆ, ಅವಕ್ಕೆ ಹೊರೆ ಹೆಚ್ಚಿಸುವುದು ಶುದ್ಧೀಕರಣವಲ್ಲ. ಒಂದು ಲೋಟಕ್ಕೆ 50 ಗ್ರಾಂ ಪಾಲಕ್ ಸಾಕು. ಕುದಿನೀರಿನಲ್ಲಿ ಅದ್ದಿ, ಆ ನೀರು ಚೆಲ್ಲಿ, ಹಿಂಡಿ ಹಾಕಿ. ಆಕ್ಸಲೇಟಿನ ಒಂದು ಪಾಲು ನೀರಿನೊಂದಿಗೇ ಹೋಗುತ್ತದೆ. ಕ್ಯಾರೆಟ್ಟನ್ನು ಐದಾರು ನಿಮಿಷ ಹಬೆಯಲ್ಲಿ ಬೇಯಿಸಿದರೆ ಬಾಯಿಗೆ ಮರಳುಮರಳು ಸಿಗುವುದಿಲ್ಲ. ಅದರ ಬೀಟಾ ಕ್ಯಾರೊಟಿನ್ ಮೈಗೆ ಹತ್ತಲು ಜತೆಗೆ ಒಂದಿಷ್ಟು ಜಿಡ್ಡು ಬೇಕು: ಒಂದು ಚಮಚ ಕಾಯಿತುರಿ ಅಥವಾ ಕೆನೆ ತೆಗೆಯದ ಮೊಸರು.

ಜೇನು, ಬೆಲ್ಲ ಒಳ್ಳೆಯ ಸಕ್ಕರೆ ಎಂಬುದು ತಪ್ಪು ತಿಳಿವಳಿಕೆ. ಒಂದು ಊಟದ ಚಮಚ ಜೇನಿನಲ್ಲಿ ಸುಮಾರು 17 ಗ್ರಾಂ ಸಕ್ಕರೆ ಇದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹಾಕಿದ ಮಿತಿ, 2,000 ಕ್ಯಾಲೊರಿ ಉಣ್ಣುವವರಿಗೆ, ದಿನಕ್ಕೆ 50 ಗ್ರಾಂ, 25ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. ಹಣ್ಣು ಚೆನ್ನಾಗಿ ಕಳಿತಿದ್ದರೆ ಸಿಹಿ ಬೇರೆ ಬೇಕಾಗುವುದಿಲ್ಲ. ಒಂದು ಸಲಕ್ಕೆ 250 ಮಿಲಿ ಸಾಕು, ಮಧುಮೇಹ ಇರುವವರು ಹಣ್ಣನ್ನು ಹಾಗೇ ಅಗಿದು ತಿನ್ನುವುದು ಮೇಲು.

ಕಚೇರಿಗೆ ಒಯ್ಯುವುದಾದರೆ ಬಾಟಲಿಯನ್ನು ಕಂಠಮಟ್ಟ ತುಂಬಿಸಿ, ಮೇಲೆ ಗಾಳಿಗೆ ಜಾಗ ಬಿಡಬೇಡಿ. ಫ್ರಿಜ್ಜಿನಲ್ಲಿಟ್ಟು ನಾಲ್ಕೈದು ಗಂಟೆಯೊಳಗೆ ಕುಡಿಯಿರಿ. ತಳದಲ್ಲಿ ನೀರು ನಿಂತಿದ್ದರೆ ಕೆಟ್ಟಿದೆ ಎಂದಲ್ಲ, ನಾರು ಮೇಲೆದ್ದಿದೆ, ಕುಲುಕಿದರೆ ಕೂಡಿಕೊಳ್ಳುತ್ತದೆ. ಅದು ಬೇಡವೆನಿಸಿದರೆ ತಿರುವುವಾಗಲೇ ನೆನೆಸಿದ ಓಟ್ಸ್ ಒಂದು ಚಮಚ ಹಾಕಿ. ಜಾರನ್ನು ಮಾತ್ರ ಆಗಲೇ ತೊಳೆದಿಡಿ. ಮುಚ್ಚಳದ ರಬ್ಬರ್ ರಿಂಗಿನ ಸಂದಿಯಲ್ಲಿ ಒಣಗಿದ ಆ ಕಂದು ಅಷ್ಟು ಸುಲಭವಾಗಿ ಬಿಡುವುದಿಲ್ಲ.