ಹಬ್ಬದ ದಿನ ಆಸ್ಪತ್ರೆ ಖಾಲಿ ಇರುತ್ತಲ್ಲ, ನಿಮಗೇನು ಕೆಲಸ?

ಪ್ರಶ್ನೆ: ಆಸ್ಪತ್ರೆಯ ಆಡಳಿತ ವಿಭಾಗಕ್ಕೆ ಹೊಸದಾಗಿ ಸೇರಿದ್ದೇನೆ. ದಸರಾಕ್ಕೆ ಮನೆಯಲ್ಲೇ ಇರಬೇಕು ಅಂತ ಎಲ್ಲರ ಒತ್ತಾಯ. ಹೇಗೂ ಹಬ್ಬದಲ್ಲಿ ಆಸ್ಪತ್ರೆ ಖಾಲಿ, ನಾವೇನು ಡಾಕ್ಟರೂ ಅಲ್ಲ. ನೀವು ಎರಡನ್ನೂ ಹೇಗೆ ಸಂಭಾಳಿಸುತ್ತೀರಿ?

ಪಿತೃಪಕ್ಷ ಶುರುವಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಚಿಕ್ಕದು. ಇಡೀ ಹಬ್ಬ ಕೇಳಬೇಡಿ, ಹಬ್ಬದ ಒಂದು ತುಂಡು ಕೇಳಿ. ನಾನಿರುವುದು ಮೈಸೂರಿನಲ್ಲಿ. ಪಾಡ್ಯದ ಸಂಜೆ ಗೊಂಬೆ ಕೂರಿಸುವುದು ನನ್ನ ಪಾಲು, ಆಯುಧಪೂಜೆ ಆಸ್ಪತ್ರೆಯ ಪಾಲು. ಇದು ನಮ್ಮ ಅತ್ತೆಯವರಿಗೂ ಗೊತ್ತು. ಗಣಪತಿ ಬಿಟ್ಟ ವಾರವೇ ರೋಸ್ಟರ್, ಅಂದರೆ ಯಾರಿಗೆ ಯಾವ ದಿನ ಡ್ಯೂಟಿ ಅನ್ನುವ ಪಟ್ಟಿ, ಹಾಕಿಸಿ. ರಂಜಾನಿಗೂ ಕ್ರಿಸ್‌ಮಸ್ಸಿಗೂ ನೀವು ನಿಂತಿದ್ದರೆ ದಸರಾಕ್ಕೆ ನಿಮ್ಮ ಬದಲು ನಿಲ್ಲುವವರು ಸಿಗುತ್ತಾರೆ. ಮನೆಯಲ್ಲಿ ಮಾತ್ರ 'ನೋಡೋಣ' ಅನ್ನಬೇಡಿ. 'ಆಗಲ್ಲ' ಅಂದರೆ ಒಂದು ದಿನ ಮುನಿಸಿಕೊಳ್ಳುತ್ತಾರೆ. 'ನೋಡೋಣ' ಅಂದರೆ ಒಂಬತ್ತು ದಿನವೂ ಬಾಗಿಲು ನೋಡುತ್ತಾರೆ.

ಇನ್ನು ಆ 'ಖಾಲಿ ಆಸ್ಪತ್ರೆ'ಯ ವಿಷಯ. ಎಷ್ಟು ಸಲ ಹೇಳಿದರೂ ಇದು ಸಾಯುವುದಿಲ್ಲ.

ವಾರ್ಡಿನಲ್ಲಿ ಹಾಸಿಗೆ ಖಾಲಿಯಾಗುವುದು ನಿಜ. ಹರ್ನಿಯಾ, ಮಂಡಿ ಆಪರೇಷನ್ನು ಇವನ್ನೆಲ್ಲ ಜನ ಹಬ್ಬ ಕಳೆದ ಮೇಲೆ ಅಂತ ಮುಂದೂಡುತ್ತಾರೆ. ಆದರೆ ಆ ಹಾಸಿಗೆಗಳು ತಾವಾಗಿ ಖಾಲಿಯಾದವೇ? ಹಬ್ಬದ ಮುನ್ನಾದಿನ ಎಲ್ಲರಿಗೂ ಒಟ್ಟಿಗೆ ಮನೆಗೆ ಹೋಗಬೇಕು. ಬಿಲ್ಲಿಂಗ್ ಮುಂದೆ ಸಾಲು, ಇನ್ಶೂರೆನ್ಸ್ ಡೆಸ್ಕಿನ ಫೋನಿಗೆ ಪುರುಸೊತ್ತಿಲ್ಲ. ಮಾರನೇ ದಿನ ಬೀದಿ ಕ್ಲಿನಿಕ್ಕುಗಳು ಮುಚ್ಚಿರುತ್ತವೆ, ಓಪಿಡಿಯೂ ಇಲ್ಲ. ಮಗುವಿನ ಜ್ವರ, ಅಜ್ಜನ ಏರಿದ ಸಕ್ಕರೆ, ಎಲ್ಲವೂ ಎಮರ್ಜೆನ್ಸಿಯ ಬಾಗಿಲಿಗೇ. ಅಲ್ಲಿ ಸ್ಟ್ರೆಚರ್ ತಳ್ಳುವವರು, ನೆಲ ಒರೆಸುವವರು ಊರಿಗೆ ಹೋಗಿರುತ್ತಾರೆ. ಅವರಿಗೂ ಹಬ್ಬ ಇದೆ. ಕ್ಯಾಂಟೀನಿನ ಭಟ್ಟರೂ ಇಲ್ಲ. ಕಾಲೇಜುಗಳಿಗೆ ರಜೆ ಅಂದರೆ ರಕ್ತದಾನ ಶಿಬಿರಗಳಿಗೂ ರಜೆ. ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳನ್ನು ಕೂಡಿಡೋಣ ಅಂದರೆ ಅವು ಬಾಳುವುದೇ 5 ದಿನ. ಇಷ್ಟಕ್ಕೆಲ್ಲ ಮೊದಲೇ ವ್ಯವಸ್ಥೆ ಮಾಡುವವರು ಡಾಕ್ಟರಲ್ಲ ಸ್ವಾಮಿ, ನಾವು.

ಜೊತೆಗೆ ಹಬ್ಬವೇ ರೋಗಿಗಳನ್ನು ಕಳಿಸುತ್ತದೆ. ಆಯುಧಪೂಜೆಗೆ ನಡುರಸ್ತೆಯಲ್ಲಿ ಒಡೆದ ಬೂದುಗುಂಬಳದ ಮೇಲೆ ಜಾರಿ ಬಿದ್ದ ಸ್ಕೂಟರಿನವರು ಬಾರದ ವರ್ಷವಿಲ್ಲ. (ನಮ್ಮಲ್ಲಿ ಆಂಬುಲೆನ್ಸಿಗೂ ಜನರೇಟರಿಗೂ ಪೂಜೆ ಉಂಟು. ರ‍್ಯಾಂಪಿನ ಮೇಲೆ ಕುಂಬಳಕಾಯಿ ಒಡೆಯುವುದನ್ನು ಮಾತ್ರ ನಾನೇ ನಿಲ್ಲಿಸಿದ್ದು. ಇದಕ್ಕೆ ನನಗೆ ಹೆಮ್ಮೆಯಿದೆ.) ವಿಜಯದಶಮಿಯಂದು ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿಲೋಮೀಟರ್ ಜಂಬೂ ಸವಾರಿ. ದಾರಿ ಬಂದ್ ಆಗುವ ಮೊದಲೇ ಮಧ್ಯಾಹ್ನದ ಶಿಫ್ಟಿನವರನ್ನು ಒಳಗೆ ಕರೆಸಿಕೊಳ್ಳಬೇಕು, ಆಂಬುಲೆನ್ಸಿಗೆ ಬೇರೆ ದಾರಿ ಗೊತ್ತುಮಾಡಬೇಕು.

ಡಿಸ್ಚಾರ್ಜ್ ಮಾತು ಬಂತಲ್ಲ, ನೀವು ಕೇಳದ ಇನ್ನೊಂದನ್ನೂ ಹೇಳಿಬಿಡುತ್ತೇನೆ. 'ಬೆಳಿಗ್ಗೆ ಡಾಕ್ಟರು ಹೋಗಿ ಅಂದರು, ಸಂಜೆಯಾದರೂ ಬಿಡಲಿಲ್ಲ. 3 ಗಂಟೆಯಲ್ಲಿ ಕಳಿಸಬೇಕು ಅಂತ ಕಾನೂನಿದೆಯಲ್ಲ?' ಅಂತ ಸೀರೆ ಅಂಗಡಿಯಲ್ಲೂ ನನ್ನನ್ನು ನಿಲ್ಲಿಸಿ ಕೇಳಿದವರಿದ್ದಾರೆ. ಇದೆ. ನಗದುರಹಿತ ವಿಮೆಯಲ್ಲಿ, ಅಂದರೆ ಬಿಲ್ಲನ್ನು ವಿಮಾ ಕಂಪನಿಯೇ ನೇರ ಆಸ್ಪತ್ರೆಗೆ ಕಟ್ಟುವಲ್ಲಿ, ಕಂಪನಿ ತನ್ನ ಅಂತಿಮ ಒಪ್ಪಿಗೆಯನ್ನು 3 ಗಂಟೆಯೊಳಗೆ ಕೊಡಬೇಕು ಅಂತ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2024ರ ಮೇ ತಿಂಗಳಲ್ಲಿ ಹೇಳಿತು. ತಡವಾಗಿ ಆಸ್ಪತ್ರೆ ಹೆಚ್ಚುವರಿ ಹಣ ಕೇಳಿದರೆ ಅದನ್ನು ಕಟ್ಟಬೇಕಾದ್ದು ವಿಮಾ ಕಂಪನಿ. ಆದರೆ ಆ ಗಡಿಯಾರ ಓಡಲು ಶುರುವಾಗುವುದು ಡಾಕ್ಟರು 'ಹೋಗಿ' ಅಂದಾಗಲ್ಲ. ಆಸ್ಪತ್ರೆಯ ಕೋರಿಕೆ ವಿಮೆಯವರಿಗೆ ತಲುಪಿದಾಗ. ಅದಕ್ಕೆ ಮೊದಲು ಡಿಸ್ಚಾರ್ಜ್ ಸಮ್ಮರಿ (ರೋಗ, ಚಿಕಿತ್ಸೆಗಳ ಸಾರಾಂಶ) ಬರೆಯಬೇಕು, ಉಳಿದ ಔಷಧಿ ಫಾರ್ಮಸಿಗೆ ವಾಪಸ್ಸಾಗಬೇಕು, ಲ್ಯಾಬಿನ ಬಾಕಿ ಸೇರಬೇಕು, ಬಿಲ್ಲು ಮುಗಿಯಬೇಕು. ಅರ್ಧ ದಿನ ನುಂಗುವುದು ಇದೇ.

ಹಿಂದಿನ ಸಂಜೆಯೇ ಡ್ಯೂಟಿ ಡಾಕ್ಟರನ್ನು 'ನಾಳೆ ಬಿಡ್ತೀರಾ?' ಅಂತ ಕೇಳಿ, ಹೌದು ಅಂದರೆ ಸಮ್ಮರಿಯ ಕರಡನ್ನು ರಾತ್ರಿಯೇ ಬರೆಸಿಡಿ. ಪಾಡ್ಯದ ದಿನ ಆ ಒಂದು ಕಾಗದ ಬೆಳಿಗ್ಗೆಯೇ ಸಿದ್ಧವಿದ್ದರೆ ನೀವೂ ಮನೆಗೆ ಹೋಗಬಹುದು, ನಾನೂ ಹೋಗಿ ಗೊಂಬೆಯ ಹಲಗೆ ಜೋಡಿಸಬಹುದು.