ಪುಸ್ತಕದ ಫ್ಲ್ಯಾಟು, ಬೋಗಾದಿಯ ಫ್ಲ್ಯಾಟು

ಜುಲೈ ತಿಂಗಳಲ್ಲಿ ರಿಟರ್ನ್ಸ್ ಸಲ್ಲಿಸಲು ಬರುವವರು ಫಾರಂ 16 ತರುತ್ತಾರೆ, ಬ್ಯಾಂಕಿನ ಬಡ್ಡಿ ಪ್ರಮಾಣಪತ್ರ ತರುತ್ತಾರೆ. ಕೆಲವು ವರ್ಷಗಳಿಂದ ಇವುಗಳ ಜೊತೆಗೆ, ಶ್ರೀಮಂತರಾಗುವ ದಾರಿ ಹೇಳುವ ಪುಸ್ತಕಗಳಿಂದ ಕಲಿತ ಒಂದು ಮಾತೂ ಬರುತ್ತಿದೆ. "ಸಾರ್, ಸಾಲದಲ್ಲಿ ಒಳ್ಳೆಯದು, ಕೆಟ್ಟದ್ದು ಎಂದು ಎರಡು ಬಗೆ ಇದೆಯಂತೆ. ಸಾಲ ಮಾಡಿ ಇನ್ನೊಂದು ಫ್ಲ್ಯಾಟ್ ತೆಗೆದುಕೊಂಡರೆ ಕಂತನ್ನು ಬಾಡಿಗೆದಾರನೇ ಕಟ್ಟುತ್ತಾನಂತೆ." ಹೇಳುವವರು ಓದಿದವರು: ಶಿಕ್ಷಕರು, ಬ್ಯಾಂಕ್ ನೌಕರರು, ಸಾಫ್ಟ್‌ವೇರ್ ಹುಡುಗರು. ಕಳೆದ ತಿಂಗಳು ಈ ಮಾತನ್ನು ನಾಲ್ಕು ಸಲ ಕೇಳಿದೆ. ಬಿಡಿಬಿಡಿಯಾಗಿ ಹೇಳಿ ಸಾಕಾಗಿ ಒಟ್ಟಿಗೆ ಬರೆಯುತ್ತಿದ್ದೇನೆ.

ಶ್ರೀಮಂತರಾಗುವ ಪುಸ್ತಕಗಳಿಂದ ಪ್ರಯೋಜನವೇ ಇಲ್ಲ ಎಂದು ನಾನು ಹೇಳಲಾರೆ. ನನ್ನ ಕಕ್ಷಿದಾರರಲ್ಲಿ ಒಬ್ಬರು ಬೇಕರಿ ನಡೆಸುತ್ತಾರೆ. ಗಲ್ಲಾಪೆಟ್ಟಿಗೆಯ ದುಡ್ಡು ಯಾವುದು, ಮನೆಯ ದುಡ್ಡು ಯಾವುದು ಎಂಬ ವ್ಯತ್ಯಾಸ ಅವರಿಗೆ ಹದಿನೈದು ವರ್ಷ ಇರಲಿಲ್ಲ. ನಾನು ಪ್ರತಿ ವರ್ಷ ಹೇಳಿದೆ, ಕೇಳಲಿಲ್ಲ. ಮಗಳು ತಂದುಕೊಟ್ಟ ಒಂದು ಪುಸ್ತಕ ಓದಿದ ಮೇಲೆ ತಾವೇ ಎರಡು ಖಾತೆ ತೆರೆದು, ತಮಗೆ ತಿಂಗಳಿಗೆ ಇಷ್ಟು ಎಂದು ಸಂಬಳ ಗೊತ್ತುಮಾಡಿಕೊಂಡರು. ಗಳಿಕೆಯ ಹತ್ತರಲ್ಲಿ ಒಂದು ಪಾಲನ್ನು ಮೊದಲೇ ಎತ್ತಿಡು ಎಂಬ ಬುದ್ಧಿಮಾತು ಇರುವ 'ದಿ ರಿಚೆಸ್ಟ್ ಮ್ಯಾನ್ ಇನ್ ಬ್ಯಾಬಿಲಾನ್' 1926ರದ್ದು. ಅದರ ಕಥೆಗಳು ಮೊದಲು ಅಮೆರಿಕದಲ್ಲಿ ಬ್ಯಾಂಕುಗಳು, ವಿಮಾ ಕಂಪನಿಗಳು ಹಂಚಿದ ಕಿರುಹೊತ್ತಗೆಗಳಾಗಿದ್ದವು. ಉಳಿತಾಯದ ಮಾತು ಯಾವ ದೇಶಕ್ಕೂ ಒಗ್ಗುತ್ತದೆ, ಏಕೆಂದರೆ ಅದರಲ್ಲಿ ಬಡ್ಡಿದರದ ಲೆಕ್ಕವಿಲ್ಲ, ತೆರಿಗೆ ಕಾನೂನಿಲ್ಲ.

ಸಾಲದ ಮಾತು ಹಾಗಲ್ಲ. ಅದು ಹುಟ್ಟಿದ ನೆಲದ ಬಡ್ಡಿಗೂ ಬಾಡಿಗೆಗೂ ಅಂಟಿಕೊಂಡಿರುತ್ತದೆ. ನನ್ನ ಬಳಿ ಬರುವವರು ಹೆಚ್ಚಾಗಿ ಓದಿರುವುದು 1997ರಲ್ಲಿ ಬಂದ 'ರಿಚ್ ಡ್ಯಾಡ್ ಪೂರ್ ಡ್ಯಾಡ್'. ಅದು ಬಂದ ಅಮೆರಿಕದಲ್ಲಿ ಮೂವತ್ತು ವರ್ಷದ ಗೃಹಸಾಲಕ್ಕೆ ಮೊದಲ ದಿನ ಒಪ್ಪಿದ ಬಡ್ಡಿದರವೇ ಕೊನೆಯ ಕಂತಿನವರೆಗೂ ಇರುವುದು ವಾಡಿಕೆ. ನಮ್ಮಲ್ಲಿ ಬಹುಪಾಲು ಗೃಹಸಾಲಗಳ ದರ ರಿಸರ್ವ್ ಬ್ಯಾಂಕಿನ ರೆಪೊ ದರದ, ಅಂದರೆ ಅದು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯ, ಹಿಂದೆ ಏರಿಳಿಯುತ್ತದೆ.

ಈಗ ಮೈಸೂರಿನ ಬೋಗಾದಿಯ ಕಡೆ 60 ಲಕ್ಷದ ಒಂದು ಫ್ಲ್ಯಾಟ್ ಎಂದುಕೊಳ್ಳಿ. 12 ಲಕ್ಷ ಕೈಯಿಂದ ಹಾಕಿ, 48 ಲಕ್ಷ ಸಾಲ ಮಾಡುತ್ತೀರಿ. ಶೇ 8.5ರ ಬಡ್ಡಿ, ಇಪ್ಪತ್ತು ವರ್ಷ. ಕಂತು ಸುಮಾರು 41,655 ರೂಪಾಯಿ. ಬಾಡಿಗೆ ಎಷ್ಟು ಬರಬಹುದು? ಬೆಲೆಯ ಶೇಕಡ ಮೂರರ ಲೆಕ್ಕದಲ್ಲಿ ತಿಂಗಳಿಗೆ 15,000. ಉಳಿದ 26,655 ರೂಪಾಯಿ ಯಾರು ಕಟ್ಟುತ್ತಾರೆ? ನೀವು, ನಿಮ್ಮ ಸಂಬಳದಿಂದ, ತಿಂಗಳು ತಿಂಗಳೂ. ಅದರ ಮೇಲೆ ಮನೆ ಕಂದಾಯ, ಸಂಘದ ನಿರ್ವಹಣಾ ಶುಲ್ಕ, ಬಾಡಿಗೆದಾರ ಬಿಟ್ಟು ಹೋದಾಗ ಸುಣ್ಣಬಣ್ಣ, ಖಾಲಿ ಬಿದ್ದ ತಿಂಗಳುಗಳು.

ಇಲ್ಲಿಗೆ ಬಂದಾಗ ಎದುರಿಗಿರುವವರು ಖಂಡಿತ ಹೇಳುತ್ತಾರೆ: "ಬಾಡಿಗೆ ವರ್ಷ ವರ್ಷ ಏರುತ್ತದಲ್ಲ ಸಾರ್." ಏರಲಿ. ಒಂದು ವರ್ಷವೂ ತಪ್ಪದೆ ಶೇಕಡ ಐದರಂತೆ ಏರಿದರೂ 15,000 ರೂಪಾಯಿ 41,655 ಆಗಲು ಇಪ್ಪತ್ತೊಂದು ವರ್ಷ ಬೇಕು. ಸಾಲದ ಅವಧಿ ಇಪ್ಪತ್ತು ವರ್ಷ! ಬಾಡಿಗೆ ಕಂತಿನ ಮಟ್ಟ ಮುಟ್ಟುವ ಹೊತ್ತಿಗೆ ಕಟ್ಟಲು ಕಂತೇ ಇರುವುದಿಲ್ಲ. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದರೂ "ಆದರೂ ಸಾರ್" ಎನ್ನುವವರಿದ್ದಾರೆ. ಆದ್ದರಿಂದ ಇನ್ನೊಂದು ದಾರಿಯಲ್ಲಿ ಹೇಳುತ್ತೇನೆ. ಜೇಬಿಗೆ ದುಡ್ಡು ತರುವುದು ಆಸ್ತಿ, ಜೇಬಿನಿಂದ ದುಡ್ಡು ತೆಗೆಯುವುದು ಹೊಣೆ ಎಂದು ಆ ಪುಸ್ತಕವೇ ವಿವರಿಸುತ್ತದೆ. ನಮ್ಮ ಲೆಕ್ಕಶಾಸ್ತ್ರದ ವ್ಯಾಖ್ಯೆ ಅದಲ್ಲ, ಆದರೂ ಈ ಹೊತ್ತಿಗೆ ಒಪ್ಪಿಕೊಳ್ಳೋಣ. ತಿಂಗಳಿಗೆ 26,655 ರೂಪಾಯಿ ಜೇಬಿನಿಂದ ತೆಗೆಯುವ ಫ್ಲ್ಯಾಟು ಆ ಮಾತಿನ ಪ್ರಕಾರ ಏನಾಯಿತು? ಪುಸ್ತಕವನ್ನು ಪೂರ್ತಿ ನಂಬುವವರೂ ಅದನ್ನು ಕೊಳ್ಳಬಾರದು. ಅಲ್ಲಿನ ಧೈರ್ಯದ ಮಾತು ತಲೆಯಲ್ಲಿ ಉಳಿಯುತ್ತದೆ, ಅದಕ್ಕೆ ಹಾಕಿದ ಷರತ್ತು ಮರೆತುಹೋಗುತ್ತದೆ.

ತೆರಿಗೆ ಉಳಿಯುತ್ತದಲ್ಲ ಎಂಬುದು ಕೊನೆಯ ಆಸರೆ. ಬಾಡಿಗೆಗೆ ಕೊಟ್ಟ ಮನೆಯಿಂದಾದ ನಷ್ಟವನ್ನು ಸಂಬಳದ ಎದುರು ವಜಾ ಮಾಡಲು ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷ ರೂಪಾಯಿಯ ಮಿತಿ ಇದೆ. ಹೊಸ ಪದ್ಧತಿಯಲ್ಲಿ ಆ ವಜಾ ಇಲ್ಲವೇ ಇಲ್ಲ.

2022ರ ಆರಂಭದಲ್ಲಿ ಒಬ್ಬ ಕಾಲೇಜು ಉಪನ್ಯಾಸಕರು ನನ್ನನ್ನು ಕೇಳದೆ ಇಂಥದ್ದೇ ಫ್ಲ್ಯಾಟ್ ಕೊಂಡರು. ಸಾಲ ಅದೇ 48 ಲಕ್ಷ, ಆಗಿನ ದರ ಶೇ 6.5, ಕಂತು 35,787. ಮೇ 2022ರಿಂದ ಫೆಬ್ರುವರಿ 2023ರ ನಡುವೆ ರೆಪೊ ದರ ಶೇ 4ರಿಂದ 6.5ಕ್ಕೆ ಏರಿತು, ಅವರ ಸಾಲದ ದರ ಶೇ 9 ಆಯಿತು. ಬ್ಯಾಂಕು ಕಂತನ್ನು ಮುಟ್ಟದೆ ಅವಧಿಯನ್ನು ಹಿಗ್ಗಿಸಿತು. "ಕಂತು ಏರಲಿಲ್ಲ, ಬಚಾವಾದೆ" ಎಂದು ಅವರು ನೆಮ್ಮದಿಯಿಂದಿದ್ದರು. ಸಾಲದ ಸ್ಟೇಟ್‌ಮೆಂಟ್ ತರಿಸಿ ನೋಡಿದೆವು. ಕಂತಿನಲ್ಲಿ ಸುಮಾರು 35,100 ರೂಪಾಯಿ ಬಡ್ಡಿಗೇ ಹೋಗುತ್ತಿತ್ತು, ಅಸಲಿಗೆ ಸೇರುತ್ತಿದ್ದದ್ದು ಹೆಚ್ಚೆಂದರೆ 700. ಆ ವೇಳೆಗೆ ಫ್ಲ್ಯಾಟು ಎರಡು ತಿಂಗಳು ಖಾಲಿ ಬಿದ್ದು, ಹೆಂಡತಿಯ ಬಳೆಗಳು ಒಡವೆ ಸಾಲಕ್ಕೆ ಹೋಗಿದ್ದವು. ಆ ತಾಯಿ ನನ್ನ ಎದುರು ಒಂದು ಮಾತೂ ಆಡಲಿಲ್ಲ. ಸಾಲ ಕೊಳ್ಳುವಾಗಿನ ಹಾಲೋಗರದ ತ್ರಿಪದಿಯನ್ನು ಬಾಯಿಪಾಠ ಮಾಡಿ ಬೆಳೆದ ತಲೆಮಾರಿನವರು ಅವರಿಬ್ಬರೂ. ನನಗೆ ಈ ಪುಸ್ತಕಗಳ ಮೇಲೆ ಸಿಟ್ಟು ಬಂದದ್ದು ಆ ದಿನ.

ಎಲ್ಲರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ಮಳಿಗೆಗಳ ಬಾಡಿಗೆ ಬೇರೆ ಬಗೆಯದು. ನಿವೇಶನ ಕೊಂಡು ಕಾದವರಲ್ಲಿ ಚೆನ್ನಾಗಿ ಗಳಿಸಿದವರು ಈ ಊರಿನಲ್ಲೇ ಇದ್ದಾರೆ. ಫ್ಲ್ಯಾಟಿನ ಬೆಲೆಯೂ ಏರಬಹುದು, ಆದರೆ ಏರಿದ ಬೆಲೆ ಮಾರುವ ದಿನ ಕೈಗೆ ಬರುತ್ತದೆ, ಕಂತು ಪ್ರತಿ ತಿಂಗಳ ಐದನೆಯ ತಾರೀಕು ಬರುತ್ತದೆ. ದೊಡ್ಡ ಮುಂಗಡ ಹಾಕಬಲ್ಲವರು, ಎರಡು ಸಂಬಳ ಇರುವವರು ತಮ್ಮ ಅಂಕಿಗಳನ್ನೇ ಇಟ್ಟು ನೋಡಬೇಕು.

ಈಗ ನಾನು ಒಂದು ತಾಲೀಮು ಹೇಳುತ್ತಿದ್ದೇನೆ. ಫ್ಲ್ಯಾಟಿಗೆ ಮುಂಗಡ ಕೊಡುವ ಮೊದಲು ಹನ್ನೆರಡು ತಿಂಗಳು, ಕಂತಿನಲ್ಲಿ ಬಾಡಿಗೆ ಕಳೆದು ಉಳಿಯುವ ಮೊತ್ತವನ್ನು ಬ್ಯಾಂಕಿನ ಆರ್‌ಡಿಗೆ, ಅಂದರೆ ತಿಂಗಳು ತಿಂಗಳೂ ಕಟ್ಟುವ ಠೇವಣಿಗೆ, ಕಟ್ಟಿ. ಅದರಲ್ಲಿ ಎರಡು ತಿಂಗಳು ಬಾಡಿಗೆಯೇ ಬರಲಿಲ್ಲ ಎಂದುಕೊಂಡು ಪೂರ್ತಿ ಕಂತಿನಷ್ಟು ಕಟ್ಟಿ. ಹೋದ ವರ್ಷ ಒಂದು ಯುವ ದಂಪತಿ ಒಪ್ಪಿಕೊಂಡು ಶುರು ಮಾಡಿದರು. ಏಪ್ರಿಲ್‌ವರೆಗೆ ಸರಿಯಾಗಿ ನಡೆಯಿತು. ಮೇ ತಿಂಗಳಲ್ಲಿ ಮಗುವಿನ ಶಾಲೆಯ ಶುಲ್ಕ ಕಟ್ಟಬೇಕಾಗಿ ಬಂದು ಆರ್‌ಡಿ ತಪ್ಪಿತು, ಜೂನ್‌ನಲ್ಲಿ ಮತ್ತೆ ತಪ್ಪಿತು. ಆ ಹುಡುಗಿ ಫೋನ್ ಮಾಡಿ, "ಅಂಕಲ್, ಫ್ಲ್ಯಾಟ್ ಬೇಡ ಎಂದುಕೊಂಡಿದ್ದೇವೆ. ಕಟ್ಟಿದ ದುಡ್ಡು ಹಾಗೆಯೇ ಇದೆ, ಅದನ್ನೇನು ಮಾಡಲಿ?" ಎಂದು ಕೇಳಿದಳು. ಶನಿವಾರ ಇಬ್ಬರೂ ಬರುತ್ತಿದ್ದಾರೆ.