ಜೆರ್ಸಿ ಮಾರಿದ್ರೆ ಆಟಗಾರನ ಅಸಲು ಹುಟ್ಟಲ್ಲ ಕಣ್ರೀ

ಪ್ರಶ್ನೆ: ನಮ್ಮ ನೆಚ್ಚಿನ ಫುಟ್‌ಬಾಲ್ ಕ್ಲಬ್ ಈ ಸಲ ಒಬ್ಬ ಆಟಗಾರನಿಗೆ ಹತ್ತು ಕೋಟಿ ಪೌಂಡ್ ಸುರಿದಿದೆ. ಅವನು ಅಷ್ಟು ಬೆಲೆ ಬಾಳುತ್ತಾನಾ? ಹೇಗಿದ್ದರೂ ಜೆರ್ಸಿ ಮಾರಾಟದಲ್ಲೇ ಆ ದುಡ್ಡು ವಾಪಸ್ ಬರುತ್ತದಂತೆ, ನಿಜವಾ?

ಜೂನ್ ಬಂತೆಂದರೆ ಈ ಪ್ರಶ್ನೆಯೂ ಬಂತು. ಯುರೋಪಿನವರಿಗೆ ಅದು ಬೇಸಿಗೆ, ನಮಗೆ ಮಳೆಗಾಲ. ಆಟ ನಿಂತಿರುತ್ತದೆ, ವಾದ ಮಾತ್ರ ನಿಲ್ಲುವುದಿಲ್ಲ. ನಮ್ಮ ದಾವಣಗೆರೆಯ ರಾಂ ಅಂಡ್ ಕೋ ಸರ್ಕಲ್ಲಿನಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತಾ ಇಂಗ್ಲೆಂಡಿನ ಕ್ಲಬ್‌ಗಳ ಅಭಿಮಾನಿಗಳು ಸೇರುತ್ತಾರೆ: ಆರ್ಸೆನಲ್‌ನವನೊಬ್ಬ, ಲಿವರ್‌ಪೂಲ್‌ನವನೊಬ್ಬ, ಮ್ಯಾಂಚೆಸ್ಟರ್ ಯುನೈಟೆಡ್‌ನವರು ನಾಲ್ಕು ಜನ. ಹತ್ತಿ ಗಿರಣಿಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಲ್ಲವೇ, ಆ ನಾಲ್ವರಿಗೆ ಜಂಬ ಸ್ವಲ್ಪ ಹೆಚ್ಚೇ. ನಾನು ಬಿ.ಕಾಂ. ಹುಡುಗರಿಗೆ ಅಕೌಂಟ್ಸ್ ಹೇಳಿಕೊಡುವವನು. ಪರೀಕ್ಷೆಯಲ್ಲಿ ಸವಕಳಿ ಲೆಕ್ಕವನ್ನು ಹಾಗೇ ಬಿಟ್ಟು ಬರುವ ಹುಡುಗರೇ ಇಲ್ಲಿ ಆರ್ಸೆನಲ್ ಆಟಗಾರ ಡೆಕ್ಲನ್ ರೈಸ್ ಬೆಲೆ ಜಾಸ್ತಿಯಾಯಿತೋ ಕಮ್ಮಿಯಾಯಿತೋ ಎಂದು ತೀರ್ಪು ಕೊಡುತ್ತಾರೆ. 2024ರಲ್ಲಿ ಇಂಗ್ಲೆಂಡಿನ ವರ್ಗಾವಣೆ ಕಿಟಕಿ, ಅಂದರೆ ಕ್ಲಬ್‌ಗಳು ಆಟಗಾರರನ್ನು ಕೊಳ್ಳುವ ಮಾರುವ ಅವಧಿ, ಮುಚ್ಚಿದ್ದು ನಮ್ಮ ಗಡಿಯಾರದಲ್ಲಿ ಬೆಳಗಿನ ಜಾವ ಮೂರೂವರೆಗೆ. ಮಾರನೇ ದಿನದ ತರಗತಿಯ ಗತಿ ನೀವೇ ಊಹಿಸಿಕೊಳ್ಳಿ. 2025ರಲ್ಲಿ ರಾತ್ರಿ ಹನ್ನೊಂದೂವರೆಗೇ ಮುಗಿಸಿದರು, ಪುಣ್ಯ ಬರಲಿ ಅವರಿಗೆ.

ಕೇಳಿರುವುದು ಎರಡು ಪ್ರಶ್ನೆ. ಎರಡನೆಯದನ್ನು ಮೊದಲು ಎತ್ತಿಕೊಳ್ಳುತ್ತೇನೆ, ಯಾಕೆಂದರೆ ಅದರ ಉತ್ತರ ಒಂದೇ ಪದ: ಇಲ್ಲ. ಎಷ್ಟು ಸಲ ಹೇಳಿದರೂ ಈ ಭೂತ ಇಳಿಯುವುದಿಲ್ಲ. "ಬಿಡ್ರಿ ಸರ್, ಮೊದಲ ದಿನಾನೇ ಜೆರ್ಸಿ ಮಾರಿ ಅರ್ಧ ದುಡ್ಡು ಎತ್ತಿಬಿಟ್ರಂತೆ" ಅನ್ನುವವನು ಪ್ರತಿ ಗುಂಪಿನಲ್ಲೂ ಒಬ್ಬ ಇದ್ದೇ ಇರುತ್ತಾನೆ.

ಜೆರ್ಸಿಯನ್ನು ಮಾಡುವವರು, ಮಾರುವವರು ಯಾರು ಅನ್ನುವುದನ್ನು ಮೊದಲು ನೋಡಿ. ದೊಡ್ಡ ಕ್ಲಬ್‌ಗಳು ತಾವೇ ಬಟ್ಟೆ ಹೊಲಿಸುವುದಿಲ್ಲ. ಅಡಿಡಾಸ್, ನೈಕಿ, ಪೂಮಾದಂಥ ಕಂಪನಿಗೆ ಹಕ್ಕು ಕೊಟ್ಟು, ಬದಲಿಗೆ ವರ್ಷಕ್ಕಿಷ್ಟು ಎಂದು ಖಚಿತ ಮೊತ್ತ ಪಡೆಯುತ್ತವೆ. ಮ್ಯಾಂಚೆಸ್ಟರ್ ಯುನೈಟೆಡ್ 2014ರಲ್ಲಿ ಅಡಿಡಾಸ್ ಜತೆ ಮಾಡಿಕೊಂಡ ಒಪ್ಪಂದ ಹತ್ತು ವರ್ಷಕ್ಕೆ 75 ಕೋಟಿ ಪೌಂಡ್. 2023ರಲ್ಲಿ ಅದನ್ನೇ 2035ರವರೆಗೆ ಮುಂದುವರಿಸಿದಾಗ 90 ಕೋಟಿ ಪೌಂಡ್. ಅಂಗಡಿಯಲ್ಲಿ ಒಂದು ಜೆರ್ಸಿ ಮಾರಾಟವಾದರೆ ಅದರಲ್ಲಿ ಅಂಗಡಿಯವನ ಪಾಲು, ತೆರಿಗೆ, ಸಾಗಣೆ, ತಯಾರಿಕೆ, ಕಂಪನಿಯ ಲಾಭ ಎಲ್ಲ ಕಳೆದು ಕ್ಲಬ್‌ಗೆ ರಾಯಲ್ಟಿ ರೂಪದಲ್ಲಿ ಸೇರುವುದು ಸಾಮಾನ್ಯವಾಗಿ ನೂರಕ್ಕೆ ಹತ್ತೋ ಹದಿನೈದೋ, ಅಷ್ಟೆ.

ಈಗ ಲೆಕ್ಕ ಹಾಕಿ. 2016ರಲ್ಲಿ ಪೌಲ್ ಪೊಗ್ಬಾನನ್ನು ಯುನೈಟೆಡ್ ಕೊಂಡದ್ದು 8.9 ಕೋಟಿ ಪೌಂಡಿಗೆ. ಉದಾರವಾಗಿ ಒಂದು ಜೆರ್ಸಿಗೆ ಹತ್ತು ಪೌಂಡ್ ಕ್ಲಬ್ಬಿಗೇ ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. 89 ಲಕ್ಷ ಜೆರ್ಸಿ ಮಾರಬೇಕು, ಅದೂ ಪೊಗ್ಬಾ ಹೆಸರಿನವು ಮಾತ್ರ. ಜಗತ್ತಿನ ಅತಿ ದೊಡ್ಡ ಕ್ಲಬ್‌ಗಳು ಎಲ್ಲಾ ಆಟಗಾರರ ಹೆಸರಿನಲ್ಲಿ ಸೇರಿಸಿ ವರ್ಷಕ್ಕೆ ಮಾರುವುದೇ ಹೆಚ್ಚೆಂದರೆ ಕೆಲವು ಹತ್ತು ಲಕ್ಷ. ಇನ್ನೊಂದು ಸೂಕ್ಷ್ಮವಿದೆ. ಪೊಗ್ಬಾ ಬರದಿದ್ದರೆ ಆ ಹುಡುಗ ಜೆರ್ಸಿಯನ್ನೇ ಕೊಳ್ಳುತ್ತಿರಲಿಲ್ಲವೇ? ರೂನಿಯದ್ದು ಕೊಳ್ಳುತ್ತಿದ್ದ. ಹಾಗಾದರೆ ಪೊಗ್ಬಾನ ಖಾತೆಗೆ ಜಮಾ ಮಾಡಬೇಕಾದದ್ದು ಮಾರಿದ ಅಷ್ಟೂ ಜೆರ್ಸಿ ಅಲ್ಲ, ಅವನಿಂದಾಗಿ ಹೆಚ್ಚುವರಿಯಾಗಿ ಹೋದವು ಮಾತ್ರ. ಅದು ಇನ್ನೂ ಸಣ್ಣ ಸಂಖ್ಯೆ. ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದ್ದೇನೆ. ಹುಡುಗರು ತಲೆ ಆಡಿಸುತ್ತಾರೆ, ಹೊರಗೆ ಹೋಗಿ ಮತ್ತೆ ಅದನ್ನೇ ಹೇಳುತ್ತಾರೆ.

ಯಾಕೆ ಹೇಳುತ್ತಾರೆ ಅಂತ ನನಗೆ ಗೊತ್ತು. ರೊನಾಲ್ಡೊ ಕಾರಣ. 2018ರಲ್ಲಿ ಅವನು ಸ್ಪೇನಿನ ರಿಯಲ್ ಮ್ಯಾಡ್ರಿಡ್‌ನಿಂದ ಇಟಲಿಯ ಯುವೆಂಟಸ್‌ಗೆ ಹೋದಾಗ, ಒಂದೇ ದಿನದಲ್ಲಿ 5,20,000 ಜೆರ್ಸಿ ಖರ್ಚಾಯಿತು ಎಂಬ ಸುದ್ದಿ ಪ್ರಪಂಚವೆಲ್ಲ ಓಡಾಡಿತು. ಅದು ಸುಳ್ಳೋ ನಿಜವೋ, ಆ ಗೋಜಿಗೇ ಹೋಗುವುದು ಬೇಡ. ನಿಜವೆಂದೇ ಒಪ್ಪಿ. ತಲಾ ಹತ್ತು ಯೂರೋ ಹಿಡಿದರೆ ಕ್ಲಬ್‌ಗೆ ಬಂದದ್ದು 52 ಲಕ್ಷ ಯೂರೋ. ಅವನನ್ನು ತರಲು ಆದ ವೆಚ್ಚ 10 ಕೋಟಿ ಯೂರೋ, ಮೇಲೆ ಇತರ ಖರ್ಚು ಎಂದು ಇನ್ನೂ 1.2 ಕೋಟಿ. ಸಂಬಳ ಬೇರೆ. ತೆರಿಗೆ ಕಳೆದು ಅವನ ಕೈಗೆ ಸಿಗುತ್ತಿದ್ದದ್ದೇ ವರ್ಷಕ್ಕೆ ಸುಮಾರು 3 ಕೋಟಿ ಯೂರೋ ಎಂದು ಆಗ ವರದಿಯಾಗಿತ್ತು. 52 ಲಕ್ಷ ಇದರಲ್ಲಿ ಎಲ್ಲಿ ಬಂತು?

ಹಾಗಂತ ರೊನಾಲ್ಡೊನಿಂದ ಯುವೆಂಟಸ್‌ಗೆ ಬಟ್ಟೆ ಕಡೆಯಿಂದ ಏನೂ ಬರಲಿಲ್ಲ ಎಂದರೆ ಅದೂ ತಪ್ಪು. ಅವನು ಬಂದ ಕೆಲವೇ ತಿಂಗಳಿಗೆ, 2018ರ ಡಿಸೆಂಬರಿನಲ್ಲಿ, ಅಡಿಡಾಸ್ ಒಪ್ಪಂದ ಹೊಸದಾಯಿತು. ವರ್ಷಕ್ಕೆ ಸುಮಾರು 2.3 ಕೋಟಿ ಯೂರೋ ಇದ್ದದ್ದು 5.1 ಕೋಟಿಗೆ ಏರಿತು, ಎಂಟು ವರ್ಷಕ್ಕೆ ಒಟ್ಟು 40.8 ಕೋಟಿ. ದುಡ್ಡು ಇರುವುದು ಇಲ್ಲಿ. ನಿಮ್ಮ ಮೈಮೇಲಿನ ಅಂಗಿಯಲ್ಲಿ ಅಲ್ಲ, ಅಡಿಡಾಸ್ ಜತೆ ಚೌಕಾಸಿಗೆ ಕೂತಾಗ ಕ್ಲಬ್‌ಗೆ ಬರುವ ಗತ್ತಿನಲ್ಲಿ. ಆ ಏರಿಕೆಗೆ ರೊನಾಲ್ಡೊ ಒಬ್ಬನೇ ಕಾರಣ ಎನ್ನಲೂ ಆಗದು, ಯುವೆಂಟಸ್ ಆಗಲೇ ಸತತ ಏಳು ಸಲ ಇಟಲಿಯ ಲೀಗ್ ಗೆದ್ದಿತ್ತು.

ಇನ್ನು ನಮ್ಮೂರ ಅಭಿಮಾನಿಗಳ ಕೊಡುಗೆ. ನನ್ನ ವಿದ್ಯಾರ್ಥಿಯೊಬ್ಬ ಆ ಕಪ್ಪು ಬಿಳಿ ಪಟ್ಟೆಯ ಏಳನೇ ನಂಬರಿನ ಅಂಗಿ ಹಾಕಿಕೊಂಡು ಬರುತ್ತಿದ್ದ. ಎದೆಯ ಮೇಲಿನ ಜೀಪ್ ಅನ್ನುವ ಅಕ್ಷರಗಳಲ್ಲಿ ಕೊನೆಯದು ಒಗೆತಕ್ಕೆ ಎದ್ದು ಹೋಗಿತ್ತು, ಲಾಂಛನದ ಅಂಚಿನಿಂದ ದಾರ ಇಳಿಬಿದ್ದಿತ್ತು. ಪೇಟೆಯಲ್ಲಿ ಮುನ್ನೂರೈವತ್ತು ರೂಪಾಯಿ ಕೊಟ್ಟನಂತೆ. "ನಾನೂ ಯುವೆಂಟಸ್‌ಗೆ ಸ್ವಲ್ಪ ಕೊಟ್ಟಂಗಾತಲ್ರಿ ಸರ್" ಅಂದ. ಆ ಮುನ್ನೂರೈವತ್ತರಲ್ಲಿ ಯುವೆಂಟಸ್‌ನ ಊರು ಟ್ಯೂರಿನ್ ತಲುಪಿದ್ದು ಸೊನ್ನೆ.

ಭೂತ ಇಳಿಯಿತು ಅಂದುಕೊಂಡು ಮೊದಲ ಪ್ರಶ್ನೆಗೆ ಬರುತ್ತೇನೆ. ಬೆಲೆ ಬಾಳುತ್ತಾನಾ?

ಐಪಿಎಲ್ ನೋಡಿ ಬೆಳೆದವರು ಇಲ್ಲಿ ಒಂದು ಕಡೆ ಎಡವುತ್ತಾರೆ. ರಿಷಭ್ ಪಂತ್‌ಗೆ ಲಖನೌ ತಂಡ 27 ಕೋಟಿ ರೂಪಾಯಿ ಕೂಗಿತು ಅಂದರೆ ಅದು ಒಂದು ಋತುವಿಗೆ ಅವನ ಸಂಬಳ. ಫುಟ್‌ಬಾಲಿನ ವರ್ಗಾವಣೆ ಶುಲ್ಕ ಆಟಗಾರನಿಗೆ ಹೋಗುವುದಿಲ್ಲ, ಅವನನ್ನು ಬಿಟ್ಟುಕೊಡುವ ಹಳೆಯ ಕ್ಲಬ್‌ಗೆ ಹೋಗುತ್ತದೆ, ಒಪ್ಪಂದದ ಉಳಿದ ವರ್ಷಗಳನ್ನು ಕೊಂಡುಕೊಂಡದ್ದಕ್ಕೆ. ಸಂಬಳ ಅದರ ಮೇಲೆ.

ಹಾಗಾಗಿ ಆ ಶುಲ್ಕವನ್ನು ಒಂದೇ ವರ್ಷದ ತಲೆಗೆ ಕಟ್ಟಬಾರದು. ಹರಿಹರದ ಕಡೆ ಭತ್ತ ಕೊಯ್ಯುವ ಯಂತ್ರ ಕೊಂಡ ರೈತ ಅಷ್ಟೂ ದುಡ್ಡನ್ನು ಮೊದಲ ಸುಗ್ಗಿಯ ಖರ್ಚಿಗೇ ಬರೆದು, ಈ ವರ್ಷ ಮುಳುಗಿದೆ ಅಂತ ಅಳುತ್ತಾನಾ? ಎಷ್ಟು ಸುಗ್ಗಿಗೆ ಬರುತ್ತದೋ ಅಷ್ಟಕ್ಕೆ ಹಂಚುತ್ತಾನೆ. ಕ್ಲಬ್‌ನ ಪುಸ್ತಕದಲ್ಲೂ ಅದೇ. ರೈಸ್‌ನನ್ನು ಆರ್ಸೆನಲ್ 2023ರಲ್ಲಿ ವೆಸ್ಟ್ ಹ್ಯಾಮ್‌ನಿಂದ ತಂದದ್ದು 10 ಕೋಟಿ ಪೌಂಡಿಗೆ, ಷರತ್ತಿನ ಮೇಲೆ ಇನ್ನೂ 50 ಲಕ್ಷ. ಒಪ್ಪಂದ 2028ರವರೆಗೆ, ಐದು ವರ್ಷ. ವರ್ಷಕ್ಕೆ ಸುಮಾರು 2 ಕೋಟಿ, ಅದಕ್ಕೆ ಸಂಬಳ ಕೂಡಿಸಿ. ನೀವು ವಾದ ಮಾಡಬೇಕಾದ ಸಂಖ್ಯೆ ಅದು. ಪತ್ರಿಕೆಯ ತಲೆಬರಹದ್ದಲ್ಲ.

ಈ ಹಂಚಿಕೆಯನ್ನೇ ಹಿಗ್ಗಿಸಿ ಆಡಿದವರು ಲಂಡನ್ನಿನ ಚೆಲ್ಸಿ ಕ್ಲಬ್‌ನವರು. ಎನ್ಜೊ ಫೆರ್ನಾಂಡಿಸ್‌ಗೆ 2023ರ ಆರಂಭದಲ್ಲಿ 10.68 ಕೋಟಿ ಪೌಂಡ್ ಕೊಟ್ಟು, ಎಂಟೂವರೆ ವರ್ಷದ ಒಪ್ಪಂದ ಬರೆಸಿದರು. ಭಾಗಿಸಿ ನೋಡಿ, ವರ್ಷಕ್ಕೆ ಒಂದೂಕಾಲು ಕೋಟಿ ಮಾತ್ರ. ನನ್ನ ಕ್ಲಾಸಿನಲ್ಲಿ ಈ ಉಪಾಯ ಯಾರಾದರೂ ತಾವೇ ಕಂಡುಹಿಡಿದಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ. ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಯೆಫಾಗೆ ಅಷ್ಟು ಉದಾರತೆ ಇರಲಿಲ್ಲ. ಒಪ್ಪಂದ ಎಷ್ಟೇ ಉದ್ದವಿರಲಿ, ಲೆಕ್ಕದಲ್ಲಿ ಹಂಚುವುದು ಐದೇ ವರ್ಷಕ್ಕೆ ಎಂದು ಕಡಿವಾಣ ಹಾಕಿತು. 2023ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಕ್ಲಬ್‌ಗಳೂ ಅದೇ ಮಿತಿಗೆ ಮತ ಹಾಕಿದವು. ಲೆಕ್ಕದ ಪುಸ್ತಕ ಬರೀ ಗುಮಾಸ್ತರ ಕೆಲಸ ಅಂದುಕೊಂಡವರು ಎವರ್ಟನ್ ಅಭಿಮಾನಿಗಳನ್ನು ಕೇಳಿ. ಲೀಗ್ ಹಾಕಿದ ನಷ್ಟದ ಮಿತಿ ಮೀರಿದ್ದಕ್ಕೆ 2023-24ರಲ್ಲಿ ಹತ್ತು ಅಂಕ ಕಳೆದರು, ಮೇಲ್ಮನವಿಯಲ್ಲಿ ಅದು ಆರಕ್ಕಿಳಿಯಿತು, ಆಮೇಲೆ ಇನ್ನೊಂದು ಪ್ರಕರಣದಲ್ಲಿ ಮತ್ತೆ ಎರಡು ಹೋಯಿತು. ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ನಾಲ್ಕು ಅಂಕ ಹೋಯಿತು.

ರೊನಾಲ್ಡೊನ ಕಡತವನ್ನು ಈಗ ಮುಚ್ಚಬಹುದು. 11.2 ಕೋಟಿ ಯೂರೋ, ನಾಲ್ಕು ವರ್ಷದ ಒಪ್ಪಂದ, ವರ್ಷಕ್ಕೆ 2.8 ಕೋಟಿ. ಮೂರು ವರ್ಷ ಆಡಿ 2021ರಲ್ಲಿ ಹೊರಟಾಗ ಪುಸ್ತಕದಲ್ಲಿ ಉಳಿದದ್ದು ಹತ್ತಿರ ಹತ್ತಿರ 2.8 ಕೋಟಿ. ಯುನೈಟೆಡ್ ಕೊಟ್ಟದ್ದು 1.5 ಕೋಟಿ ಯೂರೋ, ಅದೂ ಕಂತಿನಲ್ಲಿ. ಯುವೆಂಟಸ್ 1.4 ಕೋಟಿ ನಷ್ಟ ಬರೆದುಕೊಂಡಿತು. ಮೈದಾನದಲ್ಲಿ ಎರಡು ಲೀಗ್ ಪ್ರಶಸ್ತಿ ಬಂತು, ಅದು ಅವನಿಲ್ಲದೆಯೂ ಬರುತ್ತಿತ್ತು. ಅವನನ್ನು ತಂದದ್ದು ಯುರೋಪಿನ ಅಗ್ರ ಕ್ಲಬ್‌ಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ಗಾಗಿ. ಅಲ್ಲಿ ಅಯಾಕ್ಸ್, ಲಿಯಾನ್, ಪೋರ್ಟೊ ಒಂದೊಂದು ವರ್ಷ ಮನೆಗೆ ಕಳಿಸಿದವು. ನನ್ನ ಮಟ್ಟಿಗೆ ಬೆಲೆ ಬಾಳಲಿಲ್ಲ. ಗೋಲು ಹೊಡೆಯಲಿಲ್ಲವೇ ಅಂತ ಜಗಳಕ್ಕೆ ಬರಬೇಡಿ, ನೂರಕ್ಕೂ ಹೆಚ್ಚು ಹೊಡೆದ.

ಇದಕ್ಕೆ ಎದುರಾಗಿ ವರ್ಜಿಲ್ ವಾನ್ ಡೈಕ್. 2018ರ ಜನವರಿಯಲ್ಲಿ ಲಿವರ್‌ಪೂಲ್ 7.5 ಕೋಟಿ ಪೌಂಡ್ ಕೊಟ್ಟಾಗ ಡಿಫೆಂಡರ್ ಒಬ್ಬನಿಗೆ ಇಷ್ಟಾ ಎಂದು ನಕ್ಕವರು ಲಂಡನ್ನಿನಲ್ಲೂ ಇದ್ದರು, ನಮ್ಮ ಮಂಡಕ್ಕಿ ಅಂಗಡಿಯಲ್ಲೂ ಇದ್ದರು. 2025ರ ಬೇಸಿಗೆ ಹೊತ್ತಿಗೆ ಏಳೂವರೆ ವರ್ಷ, ಎರಡು ಲೀಗ್, ಒಂದು ಚಾಂಪಿಯನ್ಸ್ ಲೀಗ್. ವರ್ಷಕ್ಕೆ 1 ಕೋಟಿ ಪೌಂಡ್ ಬಿತ್ತು. ಫ್ಲೋರಿಯನ್ ವಿರ್ಟ್ಸ್, ಅಲೆಕ್ಸಾಂಡರ್ ಇಸಾಕ್ ಎಂದು 2025ರಲ್ಲಿ ಅದೇ ಕ್ಲಬ್ ಖರ್ಚು ಮಾಡಿದ್ದಕ್ಕೆ ಸೆಪ್ಟೆಂಬರಿನಲ್ಲೇ ತೀರ್ಪು ಬೇಕು ಅಂತ ನನ್ನನ್ನು ಪೀಡಿಸಿದವರಿಗೆ ಇದನ್ನೇ ತೋರಿಸಿದೆ. ಸಮಾಧಾನ ಆಗಲಿಲ್ಲ.

ಹಳೆಯ ಒಪ್ಪಂದ ಮುಗಿಸಿಕೊಂಡು "ಫ್ರೀ"ಯಾಗಿ ಬಂದ ಆಟಗಾರ ಅಂತ ಕುಣಿಯುವವರಿಗೂ ಒಂದು ಮಾತು. 2024ರಲ್ಲಿ ಎಂಬಾಪೆ ಮ್ಯಾಡ್ರಿಡ್‌ಗೆ ಬಂದಾಗ ಅವನ ಹಳೆಯ ಪ್ಯಾರಿಸ್ ಕ್ಲಬ್‌ಗೆ ಶುಲ್ಕ ಹೋಗಲಿಲ್ಲ, ನಿಜ. ಸಹಿ ಹಾಕಿದ್ದಕ್ಕೆ ಆಟಗಾರನಿಗೇ ದೊಡ್ಡ ಮೊತ್ತ ಹೋಯಿತು. ಖರ್ಚು ತಪ್ಪಲಿಲ್ಲ, ಜೇಬು ಬದಲಾಯಿತು. ನಿಜಕ್ಕೂ ಖರ್ಚಿಲ್ಲದವರು ಕ್ಲಬ್ ತಾನೇ ಬೆಳೆಸಿದ ಹುಡುಗರು. ಅವರ ಹೆಸರಿನ ಮುಂದೆ ಪುಸ್ತಕದಲ್ಲಿ ಸೊನ್ನೆ ಇರುತ್ತದೆ, ಮಾರಿದರೆ ಬಂದದ್ದೆಲ್ಲ ಲಾಭ. ಮೇಸನ್ ಮೌಂಟ್‌ನನ್ನು ಚೆಲ್ಸಿ 5.5 ಕೋಟಿ ಪೌಂಡಿಗೆ ಯುನೈಟೆಡ್‌ಗೆ ಕೊಟ್ಟದ್ದರ ಹಿಂದಿನ ಗಣಿತ ಇದೇ.

ಬೆಳೆಸಿದ ಹುಡುಗರ ಮಾತು ಬಂತಲ್ಲ, ಯಾರೂ ಕೇಳದ ಒಂದು ಪ್ರಶ್ನೆಗೆ ನಾನೇ ಉತ್ತರ ಹೇಳಿಬಿಡುತ್ತೇನೆ. ನಮ್ಮ ಹೈಸ್ಕೂಲ್ ಮೈದಾನದಲ್ಲಿ ಆಡುವ ಹುಡುಗ ಮುಂದೊಂದು ದಿನ ಯುರೋಪಿನಲ್ಲಿ ಒಂದು ದೇಶದ ಕ್ಲಬ್‌ನಿಂದ ಇನ್ನೊಂದು ದೇಶದ ಕ್ಲಬ್‌ಗೆ 10 ಕೋಟಿ ಯೂರೋಗೆ ಮಾರಾಟವಾದ ಅನ್ನಿ. ದಾವಣಗೆರೆಗೆ ಏನಾದರೂ ಸಿಗುತ್ತದಾ? ಸಿಗುತ್ತದೆ! ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮದಂತೆ ಅಂಥ ವರ್ಗಾವಣೆ ಶುಲ್ಕದಲ್ಲಿ ಶೇ. 5ರಷ್ಟನ್ನು ತೆಗೆದಿಟ್ಟು, ಆಟಗಾರನ 12ರಿಂದ 23ನೇ ವಯಸ್ಸಿನವರೆಗೆ ತರಬೇತಿ ಕೊಟ್ಟ ಕ್ಲಬ್‌ಗಳಿಗೆ ಹಂಚಬೇಕು. ಮೊದಲ ನಾಲ್ಕು ವರ್ಷಕ್ಕೆ ವರ್ಷಕ್ಕೆ ಶೇ. 0.25, ನಂತರದ ಎಂಟು ವರ್ಷಕ್ಕೆ ಶೇ. 0.5. ಹನ್ನೆರಡರಿಂದ ಹದಿನೈದರವರೆಗೆ ಇಲ್ಲಿನ ಸಣ್ಣ ಕ್ಲಬ್ ಒಂದರಲ್ಲಿ ಆಡಿದ್ದರೆ ಶೇ. 1, ಅಂದರೆ 10 ಲಕ್ಷ ಯೂರೋ. ನಮ್ಮ ದುಡ್ಡಿನಲ್ಲಿ ಹತ್ತು ಕೋಟಿ ರೂಪಾಯಿಯ ಆಸುಪಾಸು. ಒಂದು ಸಲಕ್ಕೆ ಮುಗಿಯುವುದೂ ಇಲ್ಲ, ಒಪ್ಪಂದ ಮುಗಿಯುವ ಮೊದಲು ಅವನು ಹಾಗೆ ದೇಶ ದಾಟಿ ಮಾರಾಟವಾದಾಗಲೆಲ್ಲ ಬರುತ್ತದೆ.

ಷರತ್ತು ಒಂದೇ: ಹುಡುಗ ಆ ವರ್ಷಗಳಲ್ಲಿ ಆ ಕ್ಲಬ್‌ನ ಹೆಸರಿನಲ್ಲಿ ನೋಂದಣಿಯಾಗಿರಬೇಕು. ಸಂಜೆ ಚೆಂಡು ಹಿಡಿದು ಮೈದಾನಕ್ಕೆ ಬಂದದ್ದು ಲೆಕ್ಕಕ್ಕಿಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಕೇಂದ್ರ ನೋಂದಣಿ ವ್ಯವಸ್ಥೆಯಲ್ಲಿ ಕ್ಲಬ್ಬೂ ಇರಬೇಕು, ಹುಡುಗನೂ ಇರಬೇಕು. 2022ರ ನವೆಂಬರಿನಿಂದ ಫಿಫಾದ ಕ್ಲಿಯರಿಂಗ್ ಹೌಸ್ ಈ ದಾಖಲೆಗಳನ್ನು ನೋಡಿಯೇ ಯಾರಿಗೆಷ್ಟು ಎಂದು ಹಂಚುತ್ತದೆ. ಹುಡುಗ ದೊಡ್ಡವನಾಗುವಷ್ಟರಲ್ಲಿ ಆ ಸಣ್ಣ ಕ್ಲಬ್ ಮುಚ್ಚಿಯೇ ಹೋಗಿದ್ದರೆ ಆ ಪಾಲನ್ನು ದೇಶದ ಫೆಡರೇಷನ್ ಪುರಾವೆ ಕೊಟ್ಟು ಪಡೆಯಬಹುದು, ಕಿರಿಯರ ತರಬೇತಿಗೇ ಬಳಸಬೇಕೆಂಬ ಕಟ್ಟಳೆಯೊಂದಿಗೆ.